ಕಾಗೆ ಮುಟ್ಟದ ಪಿಂಡ

ಕೃಷ್ಣೆಯ ದಡದಲ್ಲಿಟ್ಟ ಆಬಾನ ಪಿಂಡವನ್ನು ಕಾಗೆ ಮುಟ್ಟಲೊಲ್ಲದು. “ಆಬಾ, ನಿನ್ನ ಹೆಸರಲೆ ಊರ ಮುಂದ ಕಮಾನು ಕಟ್ಟಸ್ತೀನಿ,” ಎಂದು ಮಗ ಯಶವಂತ ಕೈಮುಗಿದ. ಕಾಗೆ ಕೊಂಬೆಯಿಂದ ಕದಲಲಿಲ್ಲ.

ಮಗಳು ಶೇವಂತಾಳ ಮೈ ಉರಿಯಿತು. ಮಕ್ಕಳನ್ನೂ ಎತ್ತುಗಳನ್ನೂ ಒಂದೇ ಸಮ ಮುದ್ದಿಸಿದವನು ಆಬಾ. ಮಗಳ ಮನೆಗೆ ಬಂದರೂ ಹೊಲದ ನೆನಪಾಗಿ ಸಂಜೆಗೇ ತಿರುಗುತ್ತಿದ್ದವನು. “ಕಮಾನು ಯಾರಿಗೆ ಬೇಕೋ? ಚಿತಿ ಆರೂದ್ರೊಳಗ ಅವನ ಎತ್ತಿನ ಜೋಡಿ ದಲ್ಲಾಳಿ ಕೈಗೆ ಕೊಟ್ಟೆಲ್ಲ, ಅದನ್ನ ಹೇಳು!”

ನೆಂಟರೆಲ್ಲ ತಲೆ ತಗ್ಗಿಸಿದರು. “ಹೊಳ್ಳಿ ತರ್ತೀನಿ, ಆಬಾ,” ಯಶವಂತ ಗೊಣಗಿದ. ಕೂಡಲೇ ಕಾಗೆ ಹಾರಿ ಬಂದು ಪಿಂಡದತ್ತ ಇಳಿಯಿತು. ಎಲ್ಲರೂ ನೆಮ್ಮದಿಯ ಉಸಿರುಬಿಟ್ಟರು.

ಶೇವಂತಾ ಸೆರಗು ಬೀಸಿ ಅದನ್ನು ಓಡಿಸಿದಳು. “ಇಷ್ಟು ಲಗೂ ನಂಬಬ್ಯಾಡ, ಆಬಾ! ಇರೂತನಕಾ ಇವನನ್ನ ನಂಬೇ ಕೆಟ್ಟಿ. ಮೊದಲ ಎತ್ತು ಕೊಟ್ಟಿಗಿಗೆ ಬರಲಿ, ಆಮ್ಯಾಲ ಉಣ್ಣು.”