ಎದೆಮಟ್ಟದ ಗೆರೆ

ಮಲಕಾರಿ ಎಳೆದ ನೀಲಿ ಗೆರೆ ಜಿನಮತಿಯ ಮನೆಗೋಡೆಯ ಮೇಲೆ ಸರಿಯಾಗಿ ಅವಳ ಹಣೆಯ ಮಟ್ಟಕ್ಕೆ ಬಂತು. ಬೇಡಕಿಹಾಳದ ಈ ಪೇಂಟರ್ ಕಬ್ಬಿನ ಟ್ರಾಲಿಗಳ ಹಿಂದೆ ನವಿಲು, ಗುಲಾಬಿ ಬಿಡಿಸಿ ಹೆಸರು ಮಾಡಿದವನು. ಬರೀ ಗೆರೆ ಎಳೆದರೆ ಅವನ ಕೈಗೆ ಸಮಾಧಾನವಿಲ್ಲ. ಕೆಳಗೆ ನಾಲ್ಕು ಅಲೆ ಮೂಡಿಸಿ, ಒಂದು ಮೀನನ್ನೂ ಈಜಲು ಬಿಟ್ಟ. ನೋಡಲು ನೆರೆದ ಹುಡುಗರು ನಕ್ಕರು. ಜಿನಮತಿಗೆ ಮಾತ್ರ ಎದೆ ಧಸಕ್ಕೆಂದಿತು. ಅದೇ ಗೋಡೆಯ ಆಚೆ ಬದಿಗೆ, ಮೀನಿಗಿಂತ ಕೆಳಗೆ, ಅವಳ ಕೂಸು ಮಲಗಿತ್ತು.

"ಇಷ್ಟ ಎತ್ತರ ನೀರ ಬರತೈತೇನ್ರಿ ಸರ್?" ಎಂದು ಜೊತೆಗೆ ನಿಂತಿದ್ದ ಭೂವಿಜ್ಞಾನಿಯನ್ನು ಕೇಳಿದಳು.

ಧಾರವಾಡದಿಂದ ಬಂದಿದ್ದ ಅವರು ತಿಂಗಳಿಂದ ಈ ಜುಗೂಳ ಊರಿನ ಹೊಳೆದಂಡೆಯಲ್ಲಿ ಗುಂಡಿ ತೋಡಿಸುತ್ತ, ಮಣ್ಣು ಮೂಸುತ್ತ ತಿರುಗಿದ್ದರು. ಚೀಲದಿಂದ ಒಂದು ಹಿಡಿ ನುಣುಪು ಮಣ್ಣು ತೆಗೆದು ತೋರಿಸಿದರು. "ಇದು ಹೊಳಿ ಹೊತ್ತು ತಂದ ಮಣ್ಣ. ನಮಗ ಸಿಕ್ಕದ್ದು ಆ ಮ್ಯಾಲಿನ ದಂಡ್ಯಾಗ, ಈ ಗೆರಿ ಮಟ್ಟಕ್ಕ. ಹಿಂದ ಒಮ್ಮೆ ಅಲ್ಲೀತನಾ ಬಂದೈತಿ ತಂಗಿ. ಒಮ್ಮೆ ಬಂದದ್ದು ಮತ್ತೊಮ್ಮೆ ಬರತೈತಿ."

"ಯಾವಾಗ್ರಿ?"

"ಅದು ಗೊತ್ತಾಗಂಗಿಲ್ಲ. ಈ ಮಳಿಗಾಲದಾಗೂ ಬರಬಹುದು, ನಾವೆಲ್ಲ ಸತ್ತ ಮ್ಯಾಲೂ ಬರಬಹುದು."

ಇಂಥದೇ ದಿನ ಬರುತ್ತದೆ ಎಂದು ಹೇಳಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಗೊತ್ತಿಲ್ಲ ಎಂದದ್ದೇ ಅವಳನ್ನು ಹೆದರಿಸಿತು. ಸಾವಿರಾರು ಜನರನ್ನು ನುಂಗಿದ ಕಿಲ್ಲಾರಿಯ ಭೂಕಂಪವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನೆಲದ ಮಾತು ಬಲ್ಲವರನ್ನು ಸರ್ಕಾರವೂ ಅಷ್ಟಿಷ್ಟು ಕೇಳತೊಡಗಿತ್ತು. ಗೆರೆ ಯಾರ ಹೊಸ್ತಿಲಿಗಿಂತ ಮೇಲೆ ಬರುತ್ತದೋ ಅವರಿಗೆ ದಿಬ್ಬದ ಮೇಲೆ ಜಾಗ, ಮಳೆಗಾಲ ಹಿಡಿಯುವ ಮೊದಲೇ ತಗಡಿನ ಸೂರು ಎಂದು, ಗೆರೆ ಎಳೆಸಲು ಬಂದಿದ್ದ ತಾಲೂಕಿನ ಸಾಹೇಬರು ಚಾವಡಿಯಲ್ಲಿ ಸಾರಿದ್ದರು. ಜಿನಮತಿಯ ಗಂಡ ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿದ್ದ. ಮನೆಯಲ್ಲಿ ಅವಳು, ಅತ್ತೆ ಲಕ್ಷ್ಮಿಬಾಯಿ, ಕೂಸು. ಇವತ್ತೇ ಗಂಟುಮೂಟೆ ಕಟ್ಟು ಎಂದರೂ ಅವಳು ತಯಾರಿದ್ದಳು.

ಅವಳ ಮನೆಯ ಪಕ್ಕದ್ದೇ ಬಸದಿ. ಮಲಕಾರಿ ಬಣ್ಣದ ಡಬ್ಬಿ ಹಿಡಿದು ಅತ್ತ ಹೊರಟದ್ದೇ ತಡ, ಬಸದಿಯ ಹಿರಿಯರಾದ ಕಾಕಾಸಾಹೇಬರು ಬಾಗಿಲಿಗೆ ಅಡ್ಡ ನಿಂತರು.

"ಈ ಲೆಕ್ಕದಾಗ ಗೆರಿ ಒಳಗ ಎಲ್ಲಿಗೆ ಬರತೈತಿ ಗೊತ್ತೈತೇನು? ಸ್ವಾಮಿ ಎದಿಗೆ! ಭಗವಂತನ ಎದಿಮಟ ನೀರ ಬರೀತೀಯೇನಲೇ?"

ಮಲಕಾರಿ ಕುಂಚ ಹಿಂದಕ್ಕೆಳೆದುಕೊಂಡ. ಭೂವಿಜ್ಞಾನಿ ಮುಂದೆ ಬಂದರು. "ಬಸದಿಗೆ ಬರಿಯೂದು ಬ್ಯಾಡ ಬಿಡ್ರಿ. ಮನಿಗಳಿಗಷ್ಟ ಇರಲಿ."

"ಬಾಜೂ ಮನಿ ಗ್ವಾಡಿ ಮ್ಯಾಲ ಐತಲ್ರಿ! ನೀರೇನು ಅಲ್ಲೊಂದು ಇಲ್ಲೊಂದು ನಿಲ್ಲತೈತೇನು? ನೋಡಿದವರಿಗೆಲ್ಲಾ ತಿಳೀತೈತಿ, ಒಳಗ ಸ್ವಾಮಿ ಎಲ್ಲೀತನಾ ಮುಳುಗ್ಯಾನಂತ. ಇಳಸ್ರಿ. ಪೀಠದ ಕೆಳಗ ಇಳಸ್ರಿ. ಊರಿಗೆಲ್ಲಾ ಅದ ಗೆರಿ ಆಗಲಿ."

ಹೌದು ಹೌದು ಎಂದಿತು ನೆರೆದ ಮಂದಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಒಳಗಿದ್ದ ಸ್ವಾಮಿ ಏನೂ ಅಂದಿರಲಿಲ್ಲ. ಜಿನಮತಿ ಬಾಯಿ ತೆರೆದಳು, ಅಷ್ಟರಲ್ಲಿ ಲಕ್ಷ್ಮಿಬಾಯಿ ಅವಳ ರಟ್ಟೆ ಹಿಡಿದು ಜಗ್ಗಿದಳು. "ಬಾಯಿ ಮುಚ್ಚ. ಸ್ವಾಮಿ ಎದಿ ಮ್ಯಾಲ ನೀರ ಬರಲಿ ಅಂತೀಯೇನು? ಪಾಪ ಸುತಗೊಂಡೀತು." ಹಾಗೆ ಹೇಗೆ ಅಂದಾಳು? ಹೊಳೆಗೆ ಹೆದರಬೇಕೋ ದೇವರಿಗೆ ಹೆದರಬೇಕೋ ಅವಳಿಗೆ ತಿಳಿಯಲಿಲ್ಲ.

ತಾಲೂಕಿನ ಸಾಹೇಬರು ಊರಿನ ಮುಖ ನೋಡಿದರು, ಕೈಗಡಿಯಾರ ನೋಡಿದರು. ಮಂದಿಯ ಮನಸ್ಸು ನೋಯಿಸಿ ಯೋಜನೆ ನಡೆಸುವುದು ಆಗದ ಮಾತು ಎಂದರು.

"ಗೆರಿ ಇಳಸೂದು ಭಾಳ ಸರಳ್ರಿ," ಎಂದರು ಭೂವಿಜ್ಞಾನಿ. "ಹೊಳಿಗೆ ಯಾರು ಹೇಳೋರು?" ಅವರು ಚೀಲ ಹೆಗಲಿಗೇರಿಸಿ ಜೀಪಿನತ್ತ ನಡೆದರು.

ಮಧ್ಯಾಹ್ನದ ಹೊತ್ತಿಗೆ ಮಲಕಾರಿ ಹಳೆಯ ಗೆರೆಗಳಿಗೆ ಸುಣ್ಣ ಬಳಿದು, ಮನೆಮನೆಗೂ ಹೊಸದನ್ನು ಎಳೆದ. ಜಿನಮತಿಯ ಮನೆಯಲ್ಲಿ ಅದು ಹೊಸ್ತಿಲಿಗಿಂತ ಒಂದು ಗೇಣು ಕೆಳಗೆ ಬಂತು. ಈ ಸಲ ಅವನು ಮೀನು ಬಿಡಿಸಲಿಲ್ಲ. ಅವಳಿಗೆ ದಿಬ್ಬದ ಜಾಗ ತಪ್ಪಿತು.

"ಇನ್ನ ನೀರ ನಿನ್ನ ಹೊಸ್ತಿಲಾ ಮುಟ್ಟೂದಿಲ್ಲ ನೋಡವ್ವಾ. ನಿಶ್ಚಿಂತಿ ಮಲಕೋ," ಎಂದು ಹೇಳಿ ಹೋದರು ಕಾಕಾಸಾಹೇಬರು. ಊರೂ ಅದನ್ನೇ ನಂಬಿತು. ಗೆರೆಯ ಜೊತೆಗೆ ಹೊಳೆಯೂ ಅಷ್ಟು ಇಳಿಯಿತೇನೋ ಎಂಬಂತೆ ಹೆಂಗಸರು ನಿರಾಳವಾಗಿ ಅರಿವೆ ಒಗೆಯಲು ಹೋದರು. ಜಿನಮತಿ ಕೂಸನ್ನು ಎದೆಗವಚಿಕೊಂಡು ಕಟ್ಟೆಯ ಮೇಲೆ ಕೂತೇ ಇದ್ದಳು. ಪಡುವಣದಲ್ಲಿ, ಹೊಳೆ ಬರುವ ದಿಕ್ಕಿನಲ್ಲಿ, ಮೋಡ ಕಪ್ಪಿಟ್ಟಿತ್ತು.

ಇಳಿಹೊತ್ತಿಗೆ ಬಸದಿಯ ಬಾಗಿಲ ಸಪ್ಪಳವಾಯಿತು. ಒದ್ದೆ ಮಡಿ ಉಟ್ಟ ಪೂಜಾರಿ ಬಿಳಿ ಬಟ್ಟೆ ಮುಚ್ಚಿದ ದೊಡ್ಡ ತಟ್ಟೆಯನ್ನು ತಲೆಯ ಮೇಲೆ ಹೊತ್ತು ಹೊರಗೆ ಬಂದ. ಹಿಂದೆ ಕಾಕಾಸಾಹೇಬರು. ಬಟ್ಟೆಯ ಅಂಚಿನಿಂದ ಪಂಚಲೋಹದ ಚಿಕ್ಕ ಮೂರ್ತಿಗಳ ಪೀಠ ಕಾಣುತ್ತಿತ್ತು. ಜಿನಮತಿ ಎದ್ದು ತಲೆಬಾಗಿದಳು.

"ಎಲ್ಲಿಗ್ರಿ ಕಾಕಾರ?"

"ದಿಬ್ಬದ ಮ್ಯಾಲ, ನಮ್ಮ ಮನಿಗೆ. ಕಲ್ಲಿನ ಸ್ವಾಮೀನ ಎತ್ತಾಕ ಬರೂದಿಲ್ಲ. ಇವರಷ್ಟರ ಮಳಿಗಾಲ ಮುಗಿಯೂತನಾ ಅಲ್ಲಿರಲಿ ಅಂತ."

"ನೀರ ಇಲ್ಲೀತನಾ ಬರೂದಿಲ್ಲ ಅಂದ್ರಲ್ರಿ?"

ಕಾಕಾಸಾಹೇಬರು ಹೊಳೆಯ ಕಡೆಗೊಮ್ಮೆ ತಿರುಗಿ ನೋಡಿದರು.

"ಬರೂದಿಲ್ಲವ್ವಾ," ಎಂದರು. "ಆದ್ರ ದೇವರ ವಿಷಯದಾಗ ಎದಿಗಾರಿಕಿ ಮಾಡಾಕ ಬರೂದಿಲ್ಲ ನೋಡ."