ಶಾಯಿಯಿಲ್ಲದ ಬೆರಳು

ಪ್ರಭುಭೋಜನದ ರೊಟ್ಟಿಯ ತುಣುಕು ಹಿಡಿದಿದ್ದ ಪಾದ್ರಿ ದೇವಪುತ್ರರ ಕೈ ಅರ್ಧದಲ್ಲೇ ನಿಂತಿತು. ಎದುರಿಗೆ ಮೊಣಕಾಲೂರಿ ಅಂಗೈ ಚಾಚಿದ್ದವನು ಯೆಶಾಯಪ್ಪ, ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನ ಗುಮಾಸ್ತ. ಸಂಬಳದ ಲೆಕ್ಕ ಬರೆದು ಬರೆದು ಅವನ ನಡುಬೆರಳಿಗೆ ಹತ್ತಿದ್ದ ನೀಲಿ ಶಾಯಿ ಯಾವ ಭಾನುವಾರವೂ ಅಳಿದದ್ದಿಲ್ಲ. ಇವತ್ತು ಬೆರಳು ತೊಳೆದಿಟ್ಟ ಹಾಗಿತ್ತು.

ಪಾದ್ರಿಗಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ವಾರದ ಮಿಕ್ಕ ದಿನಗಳಲ್ಲಿ ಅವರು ರಾಜಾಜಿನಗರದ ತಮ್ಮ ಪುಟ್ಟ ಕಂಪನಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು. ಸಂಬಳದ ಲೆಕ್ಕ ಹಾಕುವ ಪ್ರೋಗ್ರಾಮನ್ನು ಆ ಗಾರ್ಮೆಂಟ್ಸಿಗೆ ಮಾರಿದವರೂ ಅವರೇ.

"ಕೆಲಸದಿಂದ ಯಾವಾಗ ತೆಗೆದ್ರು?" ಎಂದರು, ಪಿಸುದನಿಯಲ್ಲಿ.

"ಸೋಮವಾರ, ಅಯ್ನೋರೆ."

"ನಂಗೊಂದು ಮಾತು ಹೇಳ್ಬಾರ್ದಿತ್ತೇನಯ್ಯ? ಆ ಪ್ರೋಗ್ರಾಂ ನಂದೇ."

"ಗೊತ್ತಿಲ್ದೆ ಏನು? ನಮ್ಮ ಆಫೀಸಿಗೆ ಆ ಕಂಪ್ಯೂಟರ್ ಬಂದ ದಿನ ಅದರ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದ್ರಲ್ಲ, ಇಲ್ಲಿ ದುಡಿಯೋರ ಹೊರೆ ಇಳಿಸು ಕರ್ತನೇ ಅಂತ. ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅಂದೋನು ನಾನೇ."

ಅವನ ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಹಿಂದೆ ಜನ ಕಾಯುತ್ತಿದ್ದರು. ಪಾದ್ರಿಗಳು ರೊಟ್ಟಿಯನ್ನು ಆ ಅಂಗೈಯಲ್ಲಿಟ್ಟರು.

"ಆಮೆನ್" ಎಂದ ಯೆಶಾಯಪ್ಪ, ಅವತ್ತಿನಷ್ಟೇ ಗಟ್ಟಿಯಾಗಿ.