ಕೋಟುಗಳ ಮಧ್ಯೆ ಫೋನು

ಬಂದವನು ಕಪ್ಪು ಪ್ಯಾಂಟೊಂದನ್ನು ಮೇಜಿನ ಮೇಲೆ ಹರಡಿ, "ಎರಡು ಬೆರಳಷ್ಟು ಗಿಡ್ಡ ಮಾಡ್ಬೇಕು" ಎಂದ. ಟೈಲರಮ್ಮ ಟೇಪು ಹಿಡಿದು, "ರೆಡಿಯಾದಾಗ ಫೋನ್ ಮಾಡ್ತೀನಿ, ನಂಬರ್ ಹೇಳಿ ಸಾರ್" ಎನ್ನುವಷ್ಟರಲ್ಲಿ, ಅವನು ಗುರುತು ಹಾಕುವ ಸೀಮೆಸುಣ್ಣ ಎತ್ತಿಕೊಂಡು ಪ್ಯಾಂಟಿನ ಕಾಲಿನ ಮೇಲೆ ಬರೆದ: ನಿಮ್ಮ ಫೋನು ನಮ್ಮ ಮಾತು ಕೇಳಿಸಿಕೊಳ್ಳುತ್ತಿದೆ. ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ.

ತಲೆ ಕೆಟ್ಟವನಿರಬೇಕು ಎಂದುಕೊಂಡಳು. ಆದರೆ ಮುಖ ನೋಡಿದರೆ ಹಾಗನ್ನಿಸಲಿಲ್ಲ. ಬ್ಯಾಂಕಿನಲ್ಲೋ ಕಚೇರಿಯಲ್ಲೋ ವರ್ಷಗಟ್ಟಲೆ ಕೂತು ಸವೆದ ಮುಖ. ಮಷೀನಿನ ಪಕ್ಕದಲ್ಲಿದ್ದ ಫೋನನ್ನು ಒಳಕೋಣೆಗೆ ಒಯ್ದು, ಹೊಲಿದು ತೂಗುಹಾಕಿದ್ದ ಉಣ್ಣೆಯ ಕೋಟೊಂದರ ಜೇಬಿಗೆ ಹಾಕಿ, ಬಾಗಿಲೆಳೆದು ಬಂದಳು.

ಅವನು ಕಾರ್ಡು ತೋರಿಸಿದ. ದೇಶದ ಭದ್ರತಾ ಇಲಾಖೆಯ ಅಧಿಕಾರಿ.

"ಇನ್ನು ಸ್ವಲ್ಪ ಹೊತ್ತಿಗೆ ನಿಮ್ಮ ತಮ್ಮನ ಫೋನ್ ಬರುತ್ತೆ. ಎತ್ಬೇಡಿಮ್ಮ. ನಿಮ್ಮ ಹಳೇ ದೇಶದವರು ಈ ಫೋನಿನೊಳಗೆ ಹೊಕ್ಕಿದ್ದಾರೆ. ಹೋದ ವಾರ ಅವನಿರೋ ಊರು ಅವರಿಗೆ ಪತ್ತೆಯಾಗಿದೆ. ಇವತ್ತು ಮಾತಾಡಿದ್ರೆ ಮನೇನೂ ಪತ್ತೆಯಾಗುತ್ತೆ."

ಗಡಿಯಾಚೆ ಉಳಿದಿದ್ದ ತಮ್ಮ ಅಲ್ಲಿನ ಸರ್ಕಾರದ ವಿರುದ್ಧ ಬರೆದು, ಆಮೇಲೆ ಮನೆಯಿಂದ ಮನೆಗೆ ಅಡಗುತ್ತ ತಿರುಗುತ್ತಿದ್ದ. ವಾರಕ್ಕೊಮ್ಮೆ ಇದೇ ಹೊತ್ತಿಗೆ ಒಂದು ಫೋನು. ಆ ಫೋನು ಬಂದರೆ ಅವನು ಬದುಕಿದ್ದಾನೆ ಎಂದು ಅರ್ಥ. ಆ ಹೊತ್ತಿಗೆ ಯಾವ ಗಿರಾಕಿ ಬಂದರೂ ಅವಳು ಏನಾದರೊಂದು ನೆಪ ಹೇಳಿ ಸಾಗಹಾಕುತ್ತಿದ್ದಳು.

ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಗೋಡೆಯ ಪೋಸ್ಟರಿನತ್ತ ಕೈ ತೋರಿಸಿದಳು.

"ನಿಮ್ಮೋರೇ ಅಂಟಿಸಿ ಹೋಗಿದ್ದು. ಓದಿ ಸಾರ್. 'ಅಧಿಕಾರಿ ಎಂದು ಹೇಳಿಕೊಂಡು ಬಂದು ಹೆದರಿಸುವವರನ್ನು ನಂಬಬೇಡಿ.' ಕಾರ್ಡು ಯಾರು ಬೇಕಾದ್ರೂ ಮಾಡಿಸ್ಕೋಬಹುದು. ನಾನು ಫೋನ್ ಎತ್ತದೇ ಇದ್ರೆ ಯಾರಿಗೆ ಲಾಭವೋ ಯಾರಿಗ್ಗೊತ್ತು. ಅವನಿಗೆ ಅಂತ ಇರೋಳು ನಾನೊಬ್ಬಳೇ."

ಅಧಿಕಾರಿ ಪೋಸ್ಟರನ್ನು ಓದಲಿಲ್ಲ. ಓದುವ ಅಗತ್ಯವೂ ಇರಲಿಲ್ಲ. ಆ ವಾಕ್ಯ ಬರೆದವನೇ ಅವನು. ಅಂದು ಮೀಟಿಂಗಿನಲ್ಲಿ ಎಲ್ಲರೂ ಭೇಷ್ ಎಂದಿದ್ದರು. ಗೋಡೆ ಗಡಿಯಾರ ನೋಡಿದ. ನಂಬಿಸುವುದಕ್ಕೆ ಅವನ ಬಳಿ ಒಂದೇ ದಾರಿ ಉಳಿದಿತ್ತು. ಅದರ ಬಗ್ಗೆ ಯಾವ ಕಾರಣಕ್ಕೂ ಬಾಯಿ ಬಿಡಕೂಡದೆಂದು ಮೇಲಿನವರು ಹೇಳಿ ಕಳಿಸಿದ್ದರು.

"ಅವನನ್ನ ಗುಬ್ಬಿ ಅಂತ ಕರೀತೀರಿ," ಎಂದ ತಲೆ ತಗ್ಗಿಸಿ. "ಹೋದ ವಾರ ಕೆಮ್ತಾ ಇದ್ದ. 'ನಾನು ಹೆಣೆದ ಸ್ವೆಟರ್ ಹಾಕ್ಕೋ' ಅಂದ್ರಿ. 'ಅದನ್ನ ಈ ಮನೆ ಮಗುವಿಗೆ ಕೊಟ್ಬಿಟ್ಟೆ ಅಕ್ಕ' ಅಂದ. ನೀವು ನಕ್ಕು ಬೈದ್ರಿ. ಫೋನ್ ಇಟ್ಟ ಮೇಲೆ ತುಂಬಾ ಹೊತ್ತು ಅತ್ರಿ."

ಅವಳ ಕೈಯಲ್ಲಿದ್ದ ಟೇಪು ಕೆಳಗೆ ಜಾರಿತು.

"ಫೋನ್ ಇಟ್ಟ ಮೇಲೆ," ಎಂದಳು.

ಅವನು ಮತ್ತೆ ಗಡಿಯಾರದತ್ತ ನೋಡಿದ.

"ಅಂದ್ರೆ ನೀವೂ ಆ ಫೋನಿನೊಳಗಿದ್ರಿ."

"ನಿಮ್ಮ ರಕ್ಷಣೆಗೇ ಅಮ್ಮ."

"ಯಾವಾಗಿಂದ?"

"ನೀವು ಈ ದೇಶಕ್ಕೆ ಬಂದಾಗಿಂದ."

"ಅಂದ್ರೆ, ಅವರಿಗಿಂತ ಮೊದಲೇ."

ಗಡಿ ದಾಟಿ ಬಂದ ದಿನ ಕಚೇರಿಯೊಂದರಲ್ಲಿ ಅವಳನ್ನು ಕೂರಿಸಿ, ಕುಡಿಯಲು ಬಿಸಿಯಾಗಿ ಏನೋ ಕೊಟ್ಟು, ಹೊಸ ಸಿಮ್ ಕೈಗಿತ್ತು, "ಇಲ್ಲಿ ನಿಮ್ಮ ಮಾತನ್ನ ಯಾರೂ ಕದ್ದು ಕೇಳಲ್ಲ" ಎಂದಿದ್ದರು. ಆ ಒಂದು ಮಾತಿನ ಮೇಲೆ ಅವಳು ಈ ಊರಿನಲ್ಲಿ ಕಣ್ತುಂಬ ನಿದ್ದೆ ಮಾಡಿದ್ದಳು. ಈಗ ಅವಳಿಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು, ಒಬ್ಬಳೇ ಇದ್ದೇನೆಂದುಕೊಂಡು ಅತ್ತದ್ದೆಲ್ಲ ನೆನಪಾಗಿ.

ಒಳಕೋಣೆಯಲ್ಲಿ ಫೋನು ರಿಂಗಾಯಿತು. ಉಣ್ಣೆಯ ಒಳಗಿನಿಂದ ಸಣ್ಣಗೆ ಬರುತ್ತಿತ್ತು ಸದ್ದು.

ಅವಳು ಬಾಗಿಲ ತನಕ ಹೋದಳು. ಹಿಡಿಕೆಯ ಮೇಲೆ ಕೈಯಿಟ್ಟಳು. ಅಧಿಕಾರಿ ತಡೆಯಲಿಲ್ಲ, ತಡೆಯುವ ಮುಖ ಅವನಿಗೆ ಉಳಿದಿರಲಿಲ್ಲ. ರಿಂಗು ನಿಂತಿತು. ಮತ್ತೆ ಶುರುವಾಯಿತು. ತಮ್ಮ ಯಾವತ್ತೂ ಎರಡನೇ ಸಲ ಮಾಡಿದವನಲ್ಲ. ಅಕ್ಕನಿಗೆ ಏನಾಯಿತೋ ಎಂದು ಅಲ್ಲಿ ಅವನ ಜೀವ ಹೊಡೆದುಕೊಳ್ಳುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಬಾಗಿಲಿಗೆ ಹಣೆ ಆನಿಸಿ, ತುಟಿ ಕಚ್ಚಿ, ಕೊನೆಯ ರಿಂಗಿನವರೆಗೂ ಹಾಗೇ ನಿಂತಳು.

"ಅವನಿಗೆ ಬೇರೆ ದಾರೀಲಿ ಸುದ್ದಿ ಮುಟ್ಟಿಸ್ತೀವಿ," ಎಂದ ಅಧಿಕಾರಿ, ಅಂಗಡಿ ನಿಶ್ಶಬ್ದವಾದ ಮೇಲೆ. "ನಮ್ಮನ್ನ ನಂಬಿದ್ರಲ್ಲ, ದೊಡ್ಡ ಉಪಕಾರ ಆಯ್ತು."

"ನಿಮ್ಮನ್ನ ನಂಬಿ ಅಲ್ಲ," ಎಂದಳು ಕಣ್ಣೊರೆಸಿಕೊಳ್ಳುತ್ತ. "ನಾನು ಅತ್ತಿದ್ದು ನಿಮಗೆ ಕೇಳಿಸಿದೆ ಅಂದ್ಮೇಲೆ ಅವರಿಗೂ ಕೇಳಿಸಿರುತ್ತೆ. ಅಷ್ಟು ಗೊತ್ತಾಯ್ತು."

ಮೇಜಿಗೆ ಮರಳಿ ಬ್ರಷ್ಷಿನಿಂದ ಸೀಮೆಸುಣ್ಣದ ಅಕ್ಷರಗಳನ್ನು ಒಂದೂ ಬಿಡದೆ ಉಜ್ಜಿ ತೆಗೆದಳು. ಪ್ಯಾಂಟಿನ ಅಂಚನ್ನು ಎರಡು ಬೆರಳಷ್ಟು ಮಡಿಸಿ ಗುಂಡುಪಿನ್ನು ಚುಚ್ಚಿದಳು. ನೆಪಕ್ಕೆ ತಂದದ್ದಾದರೂ ಕೆಲಸ ಕೆಲಸವೇ. ಅಧಿಕಾರಿ ಹೊರಡಲಾರದೆ ನಿಂತಿದ್ದ. ಕೊನೆಗೆ ಜೇಬಿನಿಂದ ಪೆನ್ನು ತೆಗೆದ.

"ನನ್ನ ನಂಬರ್ ಕೊಟ್ಟು ಹೋಗ್ತೀನಮ್ಮ. ರೆಡಿಯಾದಾಗ ಹೇಳಿದ್ರೆ ಬರ್ತೀನಿ."

"ಬೇಡ ಸಾರ್," ಎಂದಳು ತಲೆ ಎತ್ತದೆ. "ರೆಡಿಯಾದಾಗ ನಿಮಗೇ ಗೊತ್ತಾಗುತ್ತೆ."